ಮೂರು ಚಕ್ರದ ಸರಕು ಗಾಡಿ ಮತ್ತು ಕತ್ತರಿಸಿದ ಕೊಂಡಿ

ಕಳೆದ ವಾರ, ಬೆಳಗಿನ ಐದು ಗಂಟೆ. ಗ್ರೀಸ್ ಡಬ್ಬಿ ಹಿಡಿದು ರೈಲ್ವೆ ಗೂಡ್ಸ್ ಶೆಡ್ಡಿನ ಹಿಂದಕ್ಕೆ ಬಂದ ಸ್ಪಾನರಕ್ಕ ನಿಂತಲ್ಲೇ ಕಲ್ಲಾಗುತ್ತಾರೆ. ಹಳೇ ಸರಕು ಗಾಡಿಯ ಟ್ರೇಲರ್ ಇದೆ, ಅದರ ಮುಂದಿನ ಕೊಂಡಿ ಇಲ್ಲ. ಕೊಂಡಿ ಇದ್ದ ಜಾಗದಲ್ಲಿ ಸುಟ್ಟ ಕಪ್ಪು ಗಾಯ. ಅಂಥ ಕೊಂಡಿ ಇನ್ನೆಲ್ಲೂ ಸಿಗುವುದಿಲ್ಲ. ಅದಿಲ್ಲದಿದ್ದರೆ ಎಂಜಿನ್ನಿಗೆ ಟ್ರೇಲರ್ ಸೇರದು, ಆರು ವರ್ಷದ ದುರಸ್ತಿಯ ದುಡಿಮೆ ಎರಡು ಕಬ್ಬಿಣದ ಗುಡ್ಡೆ, ಅಷ್ಟೇ. ಡಬ್ಬಿ ಕೆಳಗಿಟ್ಟು ಹಳಿಯ ಮೇಲೇ ಕೂರುತ್ತಾರೆ.

ಆಗ ವಿಲನ್ ಎಂಟ್ರಿ. ಎರಡು ಲೋಟ ಟೀ ಹಿಡಿದ ಸ್ವಂತ ಮೈದುನ, ಯಾರ್ಡಿನಲ್ಲಿ ಗುಜರಿ ಕತ್ತರಿಸುವವನು.

"ಯಾಕತ್ತಿಗೆ ಹೀಗ್ ಕೂತಿದೀರಾ, ಅಣ್ಣ ಬೈದ್ನಾ?"

"ಇದನ್ನ ಕತ್ತರಿಸಿದ್ದು ಯಾರೋ?"

"ನಾನೇ. ಗುಜರಿ ಖಾಲಿ ಮಾಡು ಅಂದ್ರು ಸಾಹೇಬ್ರು. ಗ್ಯಾಸ್ ಮುಗೀತು, ಇಲ್ದಿದ್ರೆ ಪೂರ್ತಿ..." ಅತ್ತಿಗೆಯ ಮುಖ ನೋಡಿ ಅವನ ಟೀ ಚೆಲ್ಲುತ್ತದೆ. "ಅಯ್ಯೋ, ಇದು ನಿಮ್ ಕುದುರೇದಾ?"

ಯಾರ್ಡಿನವರು ಮೂರು ಚಕ್ರದ ಎಂಜಿನ್ನಿಗೆ ಕುದುರೆ ಎನ್ನುವುದು ಸುಮ್ಮನಲ್ಲ. ರೈಲಿನಲ್ಲಿ ಬಂದ ಸರಕನ್ನು ಒಂದು ಕಾಲದಲ್ಲಿ ಅಂಗಡಿಗಳಿಗೆ ಎಳೆಯುತ್ತಿದ್ದದ್ದು ನಿಜವಾದ ಕುದುರೆಗಳು. ಅವು ತಿರುಗುವ ಗಲ್ಲಿಯಲ್ಲಿ ದೊಡ್ಡ ಲಾರಿ ತಿರುಗದು. ಅದಕ್ಕೇ ಇದು ಬಂತು. ತುಂಬಿದ ಟ್ರೇಲರನ್ನು ಅಂಗಡಿ ಮುಂದೆ ಕಳಚಿಟ್ಟು, ಇನ್ನೊಂದಕ್ಕೆ ಕೊಂಡಿ ಹಾಕಿಕೊಂಡು ಓಡುವುದು. ಮಧ್ಯಾಹ್ನದೊಳಗೆ ನಲವತ್ತು ಅಂಗಡಿ. ಸ್ಪಾನರಕ್ಕನ ಅಪ್ಪ ಇಪ್ಪತ್ತೆರಡು ವರ್ಷ ಇದನ್ನು ಓಡಿಸಿದವರು. ಜೊತೆಯವೆಲ್ಲ ಗುಜರಿ ಸೇರಿ ಉಳಿದಿರುವುದು ಇದೊಂದೇ.

ಐವತ್ತೇಳರ ಸ್ಪಾನರಕ್ಕ ಇಲ್ಲಿ ವ್ಯಾಗನ್ ಫಿಟ್ಟರ್. ಏಳು ಗಂಟೆಯ ಪಾಳಿಗೆ ಮುಂಚೆ ದಿನಾ ಎರಡು ತಾಸು ಇದಕ್ಕೇ ಮೀಸಲು. ಇನ್ನೂರ ಹನ್ನೆರಡು ಬೋಲ್ಟುಗಳನ್ನು ಬಿಚ್ಚಿ, ಉಜ್ಜಿ, ಮತ್ತೆ ಕೂರಿಸಿದ್ದಾರೆ.

"ಕೊಂಡಿ ಹಾಕಿಯೇ ಬಿಟ್ರೆ ಸ್ಪ್ರಿಂಗು ಸೋಲುತ್ತೆ, ಕೆಲಸ ಮುಗಿದ್ಮೇಲೆ ಕಳಚಿಡು ಅಂತ ಅಪ್ಪ ಹೇಳ್ಕೊಟ್ಟಿದ್ರು. ಹಾಗೇ ಕಳಚಿ ಟ್ರೇಲರನ್ನ ಗುಜರಿ ಪಕ್ಕಾನೇ ಬಿಟ್ಟೆ ನೋಡಿ. ಮೈದುನನ್ನ ಪೂರ್ತಿ ಬಯ್ಯೋ ಹಾಗೂ ಇಲ್ಲ," ಎನ್ನುತ್ತಾರೆ.

ಅರ್ಧ ಮಾತ್ರ ಬೈದಿದ್ದಾರೆ. ಆ ಅರ್ಧಕ್ಕೇ ಮೈದುನ ನಾಲ್ಕು ಬೆಳಗ್ಗೆ ಗುಜರಿ ರಾಶಿ ಕೆದಕಿ ಕೊಂಡಿ ಹುಡುಕಿದ್ದಾನೆ. ಬೆಸುಗೆಯೂ ಅವನದೇ, ಅತ್ತಿಗೆಯ ಕಣ್ಣೆದುರು. ಕೂದಲೆಳೆಯಷ್ಟು ಓರೆಯಾದರೂ ಕೊಂಡಿ ಕಚ್ಚುವುದಿಲ್ಲ.

ಇವತ್ತು ಪರೀಕ್ಷೆ. ಸ್ಪಾನರಕ್ಕ ಕುದುರೆಯನ್ನು ಮೆಲ್ಲಗೆ ಹಿಂದೆ ತರುತ್ತಾರೆ. ಮೈದುನ ಕಣ್ಣು ಮುಚ್ಚಿದ್ದಾನೆ. ಠಕ್. ಗಾಡಿ ಮುಂದೆ ಹೋದರೆ ಟ್ರೇಲರೂ ಹಿಂದೆ ಹೊರಟಿದೆ.

"ಅತ್ತಿಗೆ, ಬಂತಾ?"

"ಕಣ್ ಬಿಟ್ ನೋಡೋ ಮಾರಾಯ. ನಿನ್ ಕಾಲ್ ಮೇಲೇ ಬರ್ತಿದೆ, ಸರಿ ಆಚೆ."

ವಸ್ತುಸಂಗ್ರಹಾಲಯದವರು ಬಂದು ಇದನ್ನು ಪ್ರದರ್ಶನಕ್ಕೆ ಕಟ್ಟೆಯ ಮೇಲೆ ನಿಲ್ಲಿಸಲಿದ್ದಾರೆ.

"ನಿಲ್ಲಿಸ್ಲಿ, ಬೇಡ ಅನ್ನಲ್ಲ," ಎನ್ನುತ್ತಾರೆ ಸ್ಪಾನರಕ್ಕ. "ಅದಕ್ಕೂ ಮುಂಚೆ ಒಂದೇ ಒಂದ್ ಸಲ ಮೂಟೆ ಹೇರ್ಕೊಂಡು ಸಂದಿ ಗಲ್ಲಿ ಅಂಗಡೀಗೆ ಇಳಿಸಿ ಬರ್ಬೇಕು. ಅಲ್ಲಿ ಇದು ಹೆಂಗ್ ತಿರುಗುತ್ತೆ ಅಂತ ಜನ ನೋಡ್ಲಿ."