ಮಂಗಳವಾಗುವ ತನಕ ಏಳಬಾರದು

ಹೋದ ತಿಂಗಳು ದೇವರಾಜ ಮೊಹಲ್ಲಾದ ಒಂದು ಹಳೇ ಸಾಮಾನಿನ ಅಂಗಡಿಗೆ ವೈರು ಕೊಳ್ಳಲು ಹೋಗಿದ್ದೆ. ಅಂಗಡಿಯವರು ಒಂದು ಹಳೆಯ ಆಂಪ್ಲಿಫೈಯರಿಗೆ ಕರೆಂಟು ಕೊಟ್ಟು ಪರೀಕ್ಷೆ ಮಾಡುತ್ತಿದ್ದರು. ಡಬ್ಬ ಬಿಸಿಯಾಗುತ್ತಿದ್ದಂತೆ ಒಳಗಿನ ಧೂಳು ಕಾದು ಒಂದು ವಾಸನೆ ಬಂತು... ಸುಟ್ಟ ವಾಸನೆಯಲ್ಲ, ಪೆಟ್ಟಿಗೆಯಲ್ಲಿದ್ದ ಹಳೇ ಸೀರೆಗೆ ಇಸ್ತ್ರಿ ಹಾಕಿದಾಗ ಬರುವಂಥದ್ದು. "ಏನ್ ಬೇಕಿತ್ತು ಮೇಡಂ?" ಎಂದು ಅವರು ಎರಡು ಮೂರು ಸಲ ಕೇಳಿರಬೇಕು. ನನಗೆ ಕೇಳಿಸಲಿಲ್ಲ. ನಾನು ಕೃಷ್ಣಮೂರ್ತಿಪುರಂನ ಒಂದು ಮನೆಯಲ್ಲಿ, ಭಾನುವಾರದ ಮಧ್ಯಾಹ್ನ, ಕೆಂಪು ಗಾರೆ ನೆಲದ ಮೇಲೆ ಕೂತುಬಿಟ್ಟಿದ್ದೆ.

ಅದು ನಮ್ಮ ಓನರಮ್ಮನ ಮನೆ. ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಹಗಲು ಒಂದು ಪ್ರಕಾಶನದಲ್ಲಿ ಕರಡು ತಿದ್ದುವ ಕೆಲಸ. ಮಿಕ್ಕ ಹೊತ್ತೆಲ್ಲ ನನ್ನ ನ್ಯೂಸ್‌ಲೆಟರ್. ಹೊಸ ಸಂಗೀತದ ಬಗ್ಗೆ, ಅದರಲ್ಲೂ ಯಾವ ರೇಡಿಯೋದಲ್ಲೂ ಬಾರದ, ಯಾವ ಸಭೆಯೂ ಕರೆಯದ ಸಂಗೀತದ ಬಗ್ಗೆ ಕನ್ನಡದಲ್ಲಿ ಬರೆದು ಈಮೇಲಿನಲ್ಲಿ ಕಳಿಸುತ್ತಿದ್ದೆ. ಕಾರ್ ಶೆಡ್ಡಿನಲ್ಲಿ ಡ್ರಮ್ ಬಾರಿಸುವವರು, ಮಲಗುವ ಕೋಣೆಯಲ್ಲಿ ಕಂಪ್ಯೂಟರಿನಿಂದ ಸದ್ದು ಹೊರಡಿಸುವವರು, ಒಂದೇ ಹಾಡು ಮಾಡಿ ಇಂಟರ್ನೆಟ್ಟಿಗೆ ಹಾಕಿ ಮತ್ತೆ ಸುದ್ದಿಯೇ ಇಲ್ಲದವರು... ಇವರನ್ನು ಹುಡುಕಿ ತೆಗೆಯುವುದೇ ನನ್ನ ಹೆಮ್ಮೆ. ಎಲ್ಲಿದ್ದರೂ ಹುಡುಕುತ್ತೇನೆ ಎಂಬ ಜಂಬ ಕೂಡ ಇತ್ತು, ಸುಳ್ಳೇಕೆ ಹೇಳಲಿ.

ಓದುವವರು ಮಾತ್ರ ಹೆಚ್ಚಿಗೆ ಇರಲಿಲ್ಲ. ಇದ್ದವರೂ ಉತ್ತರ ಬರೆಯುತ್ತಿರಲಿಲ್ಲ. ಕಳಿಸಿದ ಮೇಲೆ ಎರಡು ದಿನ ಫೋನು ನೋಡುವುದು, ಮೂರನೆಯ ದಿನ ನೋಡಲಿಲ್ಲವೆಂಬಂತೆ ನಟಿಸುವುದು, ಇದು ನನ್ನ ಅಭ್ಯಾಸವಾಗಿತ್ತು.

ಒಂದು ಭಾನುವಾರ ಒಣಹಾಕಿದ ಬಟ್ಟೆ ತೆಗೆಯಲು ಮಹಡಿಗೆ ಬಂದ ಓನರಮ್ಮ ಬಾಗಿಲಲ್ಲಿ ನಿಂತರು. ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ.

"ಅದೇನಮ್ಮ, ಕಳ್ಳತನ ಮಾಡ್ದಂಗೆ ಒಬ್ಳೇ ಕೇಳೋದು? ಕೆಳಗ್ ಬಾ. ನಮ್ಮನೆಯವ್ರ ಡಬ್ಬ ಇದೆ, ಅದ್ರಲ್ಲಿ ಹಾಕು."

ಅವರ ಯಜಮಾನರು ತೀರಿಕೊಂಡು ವರ್ಷಗಳಾಗಿದ್ದವು. ಅವರು ಆಸೆಪಟ್ಟು ತಂದಿದ್ದ ಆಂಪ್ಲಿಫೈಯರು, ಎರಡು ಮರದ ಸ್ಪೀಕರುಗಳು ಕಸೂತಿ ಬಟ್ಟೆ ಹೊದ್ದು ಮೂಲೆಯಲ್ಲಿದ್ದವು. ನಾನು ಫೋನಿನಿಂದ ವೈರು ಎಳೆದು ಸಿಕ್ಕಿಸಿದೆ. ಡಬ್ಬ ಬಿಸಿಯಾಗಿ ಆ ವಾಸನೆ ಬಂತು. ಓನರಮ್ಮ ಬೆತ್ತದ ಕುರ್ಚಿಯಲ್ಲಿ ಸೆರಗು ಸರಿಮಾಡಿಕೊಂಡು, ದೊಡ್ಡ ವಿದ್ವಾಂಸರ ಎದುರು ಕೂತವರ ಹಾಗೆ ಕೂತರು. ಅಂದು ನಾನು ಹಾಕಿದ್ದು ಕಬ್ಬಿಣದ ತಗಡು ಉಜ್ಜಿ ಮಾಡಿದ ಒಂದು ದೀರ್ಘವಾದ ಸದ್ದು. ಅವರು ಮುಖ ಸಿಂಡರಿಸಲಿಲ್ಲ, ಅಲುಗಾಡಲೂ ಇಲ್ಲ. ಎಲ್ಲಾ ಕೇಳಿ, "ಮಿಕ್ಸಿಗೆ ಒಣಕೊಬ್ರಿ ಹಾಕ್ದಂಗಿದೆ. ಆದ್ರೆ ಪಾಪ, ಮಾಡ್ದೋನಿಗೆ ಏನೋ ಸಂಕಟ ಇದೆ ಕಣಮ್ಮ" ಎಂದರು.

ಅವರ ಮಾತನ್ನು ಅವರದೇ ಎಂದು ಹೇಳಿ ನ್ಯೂಸ್‌ಲೆಟರಿನಲ್ಲಿ ಬರೆದೆ. ಆ ಸದ್ದು ಮಾಡಿದವನು ಉದ್ದನೆಯ ಉತ್ತರ ಬರೆದ. ಅವನ ತಂದೆ ತೀರಿಕೊಂಡ ವಾರ ಮಾಡಿದ್ದಂತೆ. ನನಗೆ ಬಂದ ಅತಿ ದೊಡ್ಡ ಉತ್ತರ ಆ ಒಣಕೊಬ್ಬರಿಗೆ ಬಂದದ್ದು. ಓದಿ ಹೇಳಿದಾಗ ಓನರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಮುಂದಿನ್ ವಾರ ಏನಿದೆ?" ಎಂದರು.

ಹೀಗೆ ಭಾನುವಾರಗಳು ಶುರುವಾದವು. ಊಟವಾದ ಮೇಲೆ ಅವರು ಕುರ್ಚಿಯಲ್ಲಿ, ನಾನು ನೆಲದ ಮೇಲೆ. ಇದನ್ನೆಲ್ಲ ಅಂಡರ್‌ಗ್ರೌಂಡ್ ಸಂಗೀತ ಎನ್ನುತ್ತಾರೆ ಎಂದು ಹೇಳಿದ್ದಕ್ಕೆ, "ಅಂಡರ್‌ಗ್ರೌಂಡ್ ಅಂದ್ರೆ ನಮ್ಗೆ ಡ್ರೈನೇಜೇ ಗೊತ್ತಿರೋದು" ಎಂದು ನಕ್ಕಿದ್ದರು. ಸಂಗೀತ ಕಲಿತಿದ್ದೀರಾ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಿದ್ದರು.

"ನಂಗೆ ಸಂಗೀತ ಗೊತ್ತಿಲ್ಲ. ಕೂತ್ಕೊಳೋದು ಗೊತ್ತು. ಕೋಣನ ಮುಂದೆ ಕಿನ್ನರಿ ಅಂತಾರಲ್ಲ, ಆ ಕೋಣ ನಾನು. ಆದ್ರೆ ಎದ್ದೋಗೋ ಕೋಣ ಅಲ್ಲ."

ನಿಜಕ್ಕೂ ಅವರು ಏಳುತ್ತಿರಲಿಲ್ಲ. ಚಿಕ್ಕಂದಿನಿಂದ ರಾಮೋತ್ಸವದ ಪೆಂಡಾಲುಗಳಲ್ಲಿ ಕಛೇರಿ ಕೇಳಿ ಬೆಳೆದವರು. ಕೊನೆಗೆ ಮಂಗಳ ಹಾಡುವ ಮುಂಚೆ ಎದ್ದರೆ ಹಾಡಿದವರಿಗೂ ಒಳ್ಳೆಯದಲ್ಲ, ಕೇಳಿದವರಿಗೂ ಒಳ್ಳೆಯದಲ್ಲ ಎಂಬುದು ಅವರಿಗೆ ಹಾಲು ಕುಡಿದಷ್ಟೇ ಸಹಜವಾಗಿ ಬಂದ ನಂಬಿಕೆ. ನನ್ನ ಹಾಡುಗಳಿಗೋ ಮಂಗಳವೂ ಇಲ್ಲ, ಮರ್ಯಾದೆಯೂ ಇಲ್ಲ. ಎಲ್ಲೋ ಪಟ್ಟನೆ ನಿಂತುಬಿಡುತ್ತಿದ್ದವು. "ಮುಗೀತಮ್ಮ" ಎಂದು ನಾನು ಹೇಳಿದರೂ ಅವರು ಕೂತೇ ಇರುತ್ತಿದ್ದರು. ಆಮೇಲೆ ತಾವೇ, ತೀರಾ ಸಣ್ಣ ದನಿಯಲ್ಲಿ, ಆರತಿ ಎತ್ತುವಂತೆ ಬಲಗೈ ಆಡಿಸುತ್ತಾ ಒಂದು ಮಂಗಳ ಹೇಳುತ್ತಿದ್ದರು. ಅದು ಕಛೇರಿಗಳಲ್ಲಿ ಹಾಡುವಂಥದ್ದಲ್ಲ. ಅವರ ಅಜ್ಜಿ ಆರತಿ ಮಾಡುವಾಗ ಹೇಳುತ್ತಿದ್ದದ್ದಂತೆ. ಅದನ್ನು ಹೇಳಿ ಮುಗಿಸಿಯೇ ಕಾಫಿಗೆ ಏಳುತ್ತಿದ್ದರು. ಅಷ್ಟು ಹೊತ್ತಿಗೆ ನಾನು ವೈರು ಸುತ್ತುತ್ತಾ, ಏನು ಬರೆಯಬೇಕೆಂದು ಮನಸ್ಸಿನಲ್ಲೇ ವಾಕ್ಯ ಕಟ್ಟುತ್ತಿರುತ್ತಿದ್ದೆ.

ಪೆಂಡಾಲಿಗೆ ಈಗ ಯಾಕೆ ಹೋಗುವುದಿಲ್ಲ ಎಂದು ಒಮ್ಮೆ ಕೇಳಿದ್ದೆ. ಪಕ್ಕದ ಬೀದಿಯ ಗೆಳತಿಯೊಬ್ಬರು ಮದುವೆಯಾದಾಗಿನಿಂದ ಇವರ ಜೊತೆ ಕಛೇರಿಗೆ ಬರುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಇವರಿಗೂ ಸಾಕಾಯಿತು. "ಪಕ್ಕದ್ ಕುರ್ಚೀಲಿ ವ್ಯಾನಿಟಿ ಬ್ಯಾಗ್ ಇಟ್ಕೊಂಡು ಎಷ್ಟೂಂತ ಕೇಳೋದು?" ಎಂದಿದ್ದರು.

ಆ ವರ್ಷದ ಕೊನೆಗೆ ನಾನೇ ಕೈಚೆಲ್ಲಿದೆ. ತಿಂಗಳುಗಟ್ಟಲೆ ಒಂದು ಉತ್ತರವಿಲ್ಲ. ಬರೆದದ್ದು ಬಾವಿಗೆ ಬಿದ್ದ ಸದ್ದೂ ಕೇಳಿಸುವುದಿಲ್ಲ. ಭಾನುವಾರ ಕೆಳಗಿಳಿದು, "ನಿಲ್ಲಿಸ್ತೀನಮ್ಮ. ಯಾರೂ ಓದಲ್ಲ" ಎಂದೆ. ಸಮಾಧಾನ ಮಾಡುತ್ತಾರೆಂದುಕೊಂಡಿದ್ದೆ. ಅವರಿಗೆ ಸಿಟ್ಟು ಬಂತು. ಅವರ ಸಿಟ್ಟನ್ನು ನಾನು ನೋಡಿದ್ದು ಅದೊಂದೇ ಸಲ.

"ಒಂದ್ಸಲ ಕಛೇರಿ ಮಧ್ಯ ಮಳೆ ಬಂದ್ಬುಡ್ತು. ಪೆಂಡಾಲೆಲ್ಲ ಸೋರಿ ಜನ ಎದ್ದೋಗ್ಬುಟ್ರು. ನಾನೂ ನನ್ ಗೆಳತೀನೂ ಕೂತಿದ್ವಿ. ಹಾಡೋರು ನಮ್ ಮುಖ ನೋಡಿ ಹಾಡುದ್ರು ಕಣೇ. ಇಬ್ರು ಕೂತಿದ್ರೂ ಅದು ಕಛೇರೀನೇ." ಕುರ್ಚಿಯಲ್ಲಿ ನೆಟ್ಟಗೆ ಕೂತು, "ನಿಲ್ಸೋದಾದ್ರೆ ನಿಲ್ಸು. ಬೇಡ ಅನ್ನಲ್ಲ. ಮಂಗಳ ಹಾಡಿ ನಿಲ್ಸು. ಮಧ್ಯದಲ್ಲಿ ಎದ್ದೋಗ್ಬೇಡ" ಎಂದರು.

ಇಬ್ಬರು ಇದ್ದೆವಲ್ಲ. ನಾನು ಮುಂದುವರಿಸಿದೆ.

ಮಳೆಗಾಲ ಶುರುವಾಗುವ ಮುಂಚೆ ಒಂದು ಬೆಳಿಗ್ಗೆ ಓನರಮ್ಮ ಬಚ್ಚಲಲ್ಲಿ ಜಾರಿಬಿದ್ದರು. ಆಸ್ಪತ್ರೆಗೆ ಸೇರಿಸಿದೆವು. ನೋಡಲು ಹೋದಾಗ ಕೈ ಹಿಡಿದುಕೊಂಡು, "ಈ ವಾರದ್ದು ಕೇಳ್ದೆ ಇಟ್ಕೊಂಡಿರು, ಬಂದ್ಮೇಲೆ ಕೇಳೋಣ" ಎಂದರು. ಇಟ್ಟುಕೊಂಡೇ ಇದ್ದೆ... ಅವರು ಬರಲಿಲ್ಲ.

ಮನೆ ಅವರ ಅಣ್ಣನ ಮಗಳ ಪಾಲಿಗೆ ಹೋಯಿತು. ಒಳ್ಳೆಯ ಹೆಣ್ಣುಮಗಳೇ. ಸಾಮಾನು ಖಾಲಿ ಮಾಡುವಾಗ ಆಂಪ್ಲಿಫೈಯರು, ಸ್ಪೀಕರುಗಳು ಹಳೇ ಪೇಪರಿನವನ ಗಾಡಿ ಹತ್ತಿದವು. ನಾನು ಆಫೀಸಿನಿಂದ ಬರುವಷ್ಟರಲ್ಲಿ ಮೂಲೆ ಬರಿದಾಗಿತ್ತು. ನಿಮ್ಮ ಅತ್ತೆ ಹೇಳುತ್ತಿದ್ದ ಮಂಗಳ ನಿಮಗೆ ಬರುತ್ತದೆಯೇ ಎಂದು ಕೇಳಿದೆ. ಅವರು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ನನ್ನನ್ನೇ ನೋಡಿದರು.

"ಅತ್ತೆ ಹಾಡ್ತಿದ್ರಾ?"

ಈಗ ನಾನು ಗೋಕುಲಂನಲ್ಲಿದ್ದೇನೆ. ಎದುರು ಮನೆಯವರು ಯೋಗ ಕಲಿಯಲು ಬಂದ ಪರದೇಶದವರು. ಮೂರು ತಿಂಗಳಿಗೊಮ್ಮೆ ಬದಲಾಗುತ್ತಾರೆ. ಒಬ್ಬರ ಮುಖ ಗುರುತಾಗಿ ನಗು ವಿನಿಮಯವಾಗುವ ಹೊತ್ತಿಗೆ ಮತ್ತೊಬ್ಬರ ಸೂಟ್‌ಕೇಸು ಬಂದಿರುತ್ತದೆ. ನ್ಯೂಸ್‌ಲೆಟರ್ ಹೇಗೋ ನಡೆಯುತ್ತಿತ್ತು. ಹೋದ ತಿಂಗಳಿನದ್ದೇ ಕಡೆಯದು ಎಂದು ತೀರ್ಮಾನಿಸಿ, "ಇದು ಕೊನೆಯ ಸಂಚಿಕೆ" ಎಂಬ ಸಾಲನ್ನು ಮೊದಲೇ ಬರೆದಿಟ್ಟಿದ್ದೆ. ದೇವರಾಜ ಮೊಹಲ್ಲಾಕ್ಕೆ ಹೋದದ್ದು ಅದಾದ ಮೇಲೆ.

ಆ ಹಳೇ ಆಂಪ್ಲಿಫೈಯರನ್ನು, ಜೊತೆಗೆ ಎರಡು ಸಣ್ಣ ಸ್ಪೀಕರುಗಳನ್ನೂ ಕೊಂಡು, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದೆ. ಓನರಮ್ಮನದ್ದಲ್ಲ, ಅವರದ್ದರ ತರಹದ್ದೂ ಅಲ್ಲ. ಭಾನುವಾರ ಊಟವಾದ ಮೇಲೆ ಡಬ್ಬ ಬಿಸಿಯಾಗಲು ಬಿಟ್ಟೆ. ಅವರಿಗಾಗಿ ಕೇಳದೆ ಇಟ್ಟಿದ್ದ ಆ ಹಾಡನ್ನು ಹಾಕಿದೆ. ಯಾರೋ ಹುಡುಗಿಯೊಬ್ಬಳು ತನ್ನ ಕೋಣೆಯಲ್ಲಿ ಹಾಡಿದ್ದು. ಹಿಂದೆ ಫ್ಯಾನಿನ ಸದ್ದೂ ಇದೆ. ಚೆನ್ನಾಗಿತ್ತು. ಓನರಮ್ಮನಿಗೆ ಇಷ್ಟವಾಗುತ್ತಿತ್ತು. ಎಂದಿನಂತೆ ಪಟ್ಟನೆ ನಿಂತಿತು.

ನಾನು ಏಳಲಿಲ್ಲ. ಅವರ ಹಾಗೆ ಬಲಗೈ ಆಡಿಸುತ್ತಾ ಅವರ ಅಜ್ಜಿಯ ಮಂಗಳ ಶುರುಮಾಡಿದೆ. ಮೊದಲ ಸಾಲು ಬಂತು. ಎರಡನೆಯದು ಬರಲಿಲ್ಲ. ಎರಡನೆಯ ಸಾಲಿನ ಹೊತ್ತಿಗೆ ನಾನು ಯಾವಾಗಲೂ ವೈರು ಸುತ್ತುತ್ತಿದ್ದೆನಲ್ಲ. ಯಾರ ಯಾರ ಕೋಣೆಯ ಹಾಡನ್ನೋ ಹುಡುಕಿ ತೆಗೆದವಳಿಗೆ ಇದನ್ನು ಹುಡುಕುವ ಜಾಗವೇ ಇಲ್ಲ. ಎಲ್ಲೂ ಇಲ್ಲ ಅದು. ತುಂಬಾ ಹೊತ್ತು ಅಳುತ್ತಾ ಕೂತಿದ್ದೆ.

ಆಮೇಲೆ ಕಂಪ್ಯೂಟರ್ ತೆಗೆದು ಹುಡುಗಿಯ ಹಾಡಿನ ಬಗ್ಗೆ ಬರೆದೆ. "ಇದು ಕೊನೆಯ ಸಂಚಿಕೆ" ಎಂಬ ಸಾಲನ್ನು ಅಳಿಸಿದೆ. ಮಂಗಳ ಬಾರದವಳು ಮುಗಿಸುವುದು ಹೇಗೆ? ಕಳಿಸಿ ಮೂರು ವಾರವಾಯಿತು, ಯಾರೂ ಉತ್ತರ ಬರೆದಿಲ್ಲ. ನಾನಿನ್ನೂ ಕೂತಿದ್ದೇನೆ.