ಪೆನಾಂಗಿನಲ್ಲೊಂದು ಶ್ರಾವಣ ಶುಕ್ರವಾರ

ನಿವೃತ್ತಿಯ ನಂತರ ಮಲೇಶಿಯಾದ ಪೆನಾಂಗಿಗೆ ಹೋಗಿ ನೆಲೆಸಬೇಕೆಂಬುದು ನಮ್ಮ ಯಜಮಾನರ ಹಟ. ಮಸ್ಕತ್ತಿನ ಬಂದರಿನಲ್ಲಿ ಆಯುಷ್ಯವೆಲ್ಲ ದುಡಿದವರಿಗೆ ಸಮುದ್ರ ಸಾಕಾಗಿರಬೇಕು ಎಂದು ನಾನು ತಿಳಿದಿದ್ದೆ. "ನರೇಗಲ್ಲಿಗೆ ಹೋಗಿ ಕಟ್ಟೀ ಮ್ಯಾಲ ಕುಂತು ಮಂದಿ ಮನಿ ಜಗಳಾ ಕೇಳೋದಕ್ಕಿಂತ ಇದು ಚಲೋ ಐತಿ ನಡಿ" ಎಂದರು. ಬಂದೆವು. ಕೆಲವು ವರ್ಷ ಬಾಲ್ಕನಿಯಲ್ಲಿ ಕೂತು ಸಮುದ್ರ ನೋಡಿ, ಅವರು ಹೋಗಿಬಿಟ್ಟರು. ನಾನು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬರುತ್ತೇನೆಂದು ಎರಡೂ ಕಡೆಯ ನೆಂಟರು ಕಾದರು. ನಾನು ಕಟ್ಟಲಿಲ್ಲ. ನನಗೆ ಇಲ್ಲಿಯ ಶುಕ್ರವಾರಗಳು ಬೇಕಾಗಿದ್ದವು.

ಶುಕ್ರವಾರ ಸಂಜೆಯೆಂದರೆ ಇಲ್ಲಿಯ ನಿವೃತ್ತ ಪರದೇಶಿಗಳ ಹಬ್ಬ. ಇಂಗ್ಲೆಂಡಿನವರು, ಹಾಲೆಂಡಿನವರು, ನಮ್ಮಂಥವರು ಎಲ್ಲ ಸೇರಿ ಕಡಲದಂಡೆಯ ಹೋಟೆಲ್ಲಿಗೆ ಹೋಗುತ್ತೇವೆ. ಮೊದಲು ಬಿಪಿ, ಆಮೇಲೆ ವೀಸಾ, ಆಮೇಲೆ ಕೆಲಸದವಳ ಮೇಲೆ ದೂರು, ಕೊನೆಗೆ ಹಾಡು. ಹಾಡುವವರಲ್ಲಿ ಒಬ್ಬರಿಗೂ ದನಿಯಿಲ್ಲ, ಕೇಳುವವರಲ್ಲಿ ಅರ್ಧ ಜನಕ್ಕೆ ಕಿವಿಯಿಲ್ಲ. ಹೀಗಾಗಿ ಎಲ್ಲ ಸುಸೂತ್ರ. ನಾನೂ ಒಮ್ಮೆ ಒಬ್ಬ ಡಚ್ ಮುದುಕನ ಜೊತೆ ಕುಣಿದಿದ್ದೇನೆ. ಅವನ ಮೈಯೆಲ್ಲ ಮಂಡಿನೋವಿನ ಎಣ್ಣೆಯ ವಾಸನೆ.

ನನ್ನನ್ನು ಕಾರಿನಲ್ಲಿ ಕರೆದೊಯ್ಯುವವರು ನರಗುಂದದ ಗಂಡಹೆಂಡತಿ. ಪರದೇಶದಲ್ಲಿ ಸಿಕ್ಕ ನಮ್ಮ ಕಡೆಯವರು ಅವರಿಬ್ಬರೇ. ಅವರ ಧರ್ಮಶಾಸ್ತ್ರವೆಲ್ಲ ಒಂದೇ ಶಬ್ದದಲ್ಲಿ ಮುಗಿಯುತ್ತದೆ: ನಡೀತೈತಿ. ಆ ಮನೆಯ ಯಜಮಾನರು ಗಿಳಿಚಿತ್ರದ ಚಡ್ಡಿ ತೊಟ್ಟು ಬಿಯರ್ ಹಿಡಿದು, "ಇದು ಬಾರ್ಲಿ ನೀರ‍್ರಿ ಅಕ್ಕಾರ, ಇಲ್ಲಿ ನಡೀತೈತಿ" ಎನ್ನುವರು. ಮೊದಮೊದಲು ಕೋಳಿಯ ಬದಿಗಿಟ್ಟ ಶೇಂಗಾ ಚಟ್ನಿಯನ್ನಷ್ಟೇ ನೆಕ್ಕುತ್ತಿದ್ದರು. ಆಮೇಲೆ ಕೋಳಿಯೂ ನಡೆಯಿತು. ಹೆಂಡತಿ ಸೀರೆ ಬಿಟ್ಟು ಮೊಣಕಾಲುದ್ದದ ಫ್ರಾಕಿಗೆ ಬಂದಳು, ಅದೂ ನಡೆಯಿತು. ನಾನು ನಗುತ್ತಿದ್ದೆ. ಒಳಗೊಳಗೆ ಮೆಚ್ಚುತ್ತಲೂ ಇದ್ದೆ.

ಕಳೆದ ಆಷಾಢದಲ್ಲಿ ತವರಿಗೆಂದು ಗಜೇಂದ್ರಗಡಕ್ಕೆ ಹೊರಟಿದ್ದಾಗ ಆ ನರಗುಂದದವಳ ಫೋನು ಬಂತು. "ಅಕ್ಕಾರ, ಬರುವಾಗ ಒಂದ್ ಡಜನ್ ಖಣ ತರ‍್ರಿ. ಶ್ರಾವಣ ಶುಕ್ರವಾರ ನಮ್ಮ ಮನಿಯೊಳಗ ಎಲ್ಲಾರಿಗೂ ಉಡಿ ತುಂಬೋಣಂತೀನಿ. ಈ ಮಂದೀನೂ ನಮ್ಮ ಪದ್ಧತಿ ನೋಡ್ಲಿ."

ತವರಿನಲ್ಲಿ ನಮ್ಮಣ್ಣನದು ಸೀರೆ ಅಂಗಡಿ. ಜಂಪರಿನ ಖಣಗಳನ್ನು ನಾನೇ ಆರಿಸಿದೆ. ಹೊರಡುವ ದಿನ ಅಣ್ಣನ ಹೆಂಡತಿ ನನ್ನನ್ನು ಮಣೆಯ ಮೇಲೆ ಕೂರಿಸಿ, ಹಣೆಗೆ ಕುಂಕುಮವಿಟ್ಟು, ಗಿಳಿಹಸಿರು ಖಣ, ಅಕ್ಕಿ, ಕೊಬ್ಬರಿ ಬಟ್ಟಲು ಹಾಕಿ ಉಡಿ ತುಂಬಿದಳು. ಗದಗ ದಾಟಿ ಹೋಗದ ಹೆಂಗಸು ಅವಳು. ನನಗೆ ಗಾಬರಿ. "ನನಗ ಇದೆಲ್ಲಾ ಯಾಕ ವೈನಿ?" ಎಂದೆ. "ಮನಿ ಮಗಳು ಬರೇ ಉಡೀಲೆ ಹೋಗಬಾರದವಾ, ಸುಮ್ನ ಕೂಡು" ಎಂದಳು. ಅಷ್ಟೇ. ವಿಮಾನದಲ್ಲಿ ನಾನು ಅತ್ತುಬಿಟ್ಟೆ.

ಇಲ್ಲಿಗೆ ಬಂದಾಗ ನರಗುಂದದ ಯಜಮಾನರ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಎಂಟನೇ ದಿನಕ್ಕೆ ಎದ್ದು ಓಡಾಡುತ್ತಿದ್ದರು. ಪೂಜೆಯೂ ನಿಲ್ಲಲಿಲ್ಲ. ಶುಕ್ರವಾರದ ಬಳಗವೆಲ್ಲ ಹೋಟೆಲ್ ಬಿಟ್ಟು ಅವರ ಫ್ಲ್ಯಾಟಿಗೆ ಬಂತು. ಹೆಂಡತಿ ಹೆಂಗಸರನ್ನು ಸೋಫಾದ ಮೇಲೆ ಸಾಲಾಗಿ ಕೂರಿಸುತ್ತಿದ್ದಳು. ನನ್ನ ಕಡೆ ತಿರುಗಿ, "ಅಕ್ಕಾರ, ನೀವು ಒಳಗ ಸ್ವಲ್ಪ ಪಾನಕ ನೋಡ್ಕೋರಿ" ಎಂದಳು.

ನಾನು ಅಡುಗೆಮನೆಯಲ್ಲಿ ನಿಂತು ಬೆಲ್ಲ ಕಲಕುತ್ತ ನೋಡಿದೆ. ಸಾಲಿನಲ್ಲಿ ಮೊದಲು ಕೂತವಳು ಇಂಗ್ಲೆಂಡಿನವಳು. ಹಿಂದಿನ ವರ್ಷ ಗಂಡನ ಬೂದಿಯನ್ನು ಬೋಟಿನಿಂದ ಸಮುದ್ರಕ್ಕೆ ಬಿಟ್ಟಾಗ ನಾವೆಲ್ಲ ಜೊತೆಗಿದ್ದೆವು, ಈ ನರಗುಂದದವಳೂ ಇದ್ದಳು. ಆ ಇಂಗ್ಲೆಂಡಿನವಳ ಹಣೆಗೆ ಕುಂಕುಮ ಬಿತ್ತು, ಸ್ಕರ್ಟಿನ ಉಡಿಗೆ ನನ್ನ ತವರಿನ ಖಣ ಬಿತ್ತು. ತಟ್ಟೆ ಒಯ್ಯಲು ನರಗುಂದದವಳು ಒಳಗೆ ಬಂದಾಗ ಕೇಳಿಯೇಬಿಟ್ಟೆ. "ಆಕೀಗೂ ಗಂಡ ಇಲ್ಲಲ್ಲ?"

"ಅವರ ಪೈಕಿ ಅದೆಲ್ಲಾ ಇರಂಗಿಲ್ರಿ ಅಕ್ಕಾರ, ನಡೀತೈತಿ."

"ಮತ್ತ ನನಗ?"

ಅವಳ ಕಣ್ಣು ಹೊರಗೆ ಗಂಡನ ಕಡೆ ಹೋಯಿತು. ಅವರು ಡಚ್ ಮುದುಕನಿಗೆ ಅಂಗಿಯ ತೋಳು ಸರಿಸಿ, ಮಣಿಕಟ್ಟಿನಲ್ಲಿ ತಂತಿ ಒಳಹೋದ ಜಾಗ ತೋರಿಸುತ್ತಿದ್ದರು. ಆಗ ನನಗೆ ತಿಳಿಯಿತು. ಬಿಯರ್ ನಡೀತದೆ, ಕೋಳಿ ನಡೀತದೆ, ಫ್ರಾಕ್ ನಡೀತದೆ. ನನ್ನ ಹಣೆಯೊಂದು ನಡೆಯುವುದಿಲ್ಲ, ಯಾಕೆಂದರೆ ಅವಳಿಗೆ ಹೆದರಿಕೆ. ಪಾಪ ಅನ್ನಿಸಿತು. ಸಿಟ್ಟು ಅದಕ್ಕಿಂತ ಹೆಚ್ಚು ಬಂತು. ಇಷ್ಟು ದೂರ ಬಂದು, ಇಷ್ಟು ವರ್ಷ ಜೊತೆಗೆ ನಕ್ಕು, ನನ್ನವರೆನ್ನಲು ಇದ್ದ ಒಂದು ಮನೆಯಲ್ಲಿ ನಾನು ಪಾನಕದ ಪಾತ್ರೆಯ ಹತ್ತಿರ ನಿಂತಿದ್ದೆ.

ಹೊರಡುವಾಗ ಉಳಿದ ಖಣವೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೈಗೆ ತುರುಕಿದಳು. "ಗಿಫ್ಟ್ ಅಂತ ತಗೋರಿ." ಚೀಲವನ್ನು ಅವಳ ಫ್ರಿಜ್ಜಿನ ಮೇಲಿಟ್ಟು, ಟ್ಯಾಕ್ಸಿ ಹಿಡಿದು ಬಂದೆ.

ಮುಂದಿನ ಶುಕ್ರವಾರದೊಳಗೆ ಅಣ್ಣನ ಹೆಂಡತಿ ಕೊಟ್ಟ ಗಿಳಿಹಸಿರು ಖಣದ ಜಂಪರ್ ಹೊಲಿಸಿದೆ. ತವರಿನ ಸೀರೆ ಉಟ್ಟು, ಹಣೆಗೆ ದೊಡ್ಡದಾಗಿ ಕುಂಕುಮ ಇಟ್ಟುಕೊಂಡೆ. ಎಂದಿನಂತೆ ಕೆಳಗೆ ಕಾರು ಹಾರ್ನ್ ಹಾಕಿತು. ಹೆಂಡತಿ ಇಳಿದು ಹಿಂದಿನ ಬಾಗಿಲು ತೆಗೆದವಳು ನನ್ನ ಹಣೆ ನೋಡಿ ಹಾಗೇ ನಿಂತಳು. ನಾನು ಮುಂದಿನ ಬಾಗಿಲು ತೆಗೆದು, ಅವಳ ಗಂಡನ ಪಕ್ಕದಲ್ಲಿ, ಅವಳ ಜಾಗದಲ್ಲಿ ಕೂತೆ. "ಇಲ್ಲಿ ನಡೀತೈತಲ್ರಿ?" ಎಂದೆ. ಯಜಮಾನರು, "ಓಹೋ, ಅಕ್ಕಾರು ಇವತ್ತ ಭಾಳ ಜೋರದಾರ" ಎಂದು ಗಾಡಿ ಬಿಟ್ಟರು. ಹಿಂದೆ ಕೂತವಳು ದಾರಿಯುದ್ದಕ್ಕೂ ಗಂಡನ ಹಿಂದಲೆಯನ್ನೇ ನೋಡುತ್ತಿದ್ದಳು. ಅವರಿಗೇನೂ ಆಗಲಿಲ್ಲ. ಬಿಯರ್ ಕುಡಿದು, ಎಂದಿನಷ್ಟೇ ಕೆಟ್ಟದಾಗಿ ಹಾಡಿದರು.

ಮರುದಿನ ಅವಳ ಫೋನು. ಅದೂ ಇದೂ ಮಾತಾಡಿ ಕೊನೆಗೆ, "ಅಕ್ಕಾರ, ಆ ಜಂಪರ್ ಎಲ್ಲಿ ಹೊಲಿಸಿದ್ರಿ? ಭಾಳ ಚಲೋ ಕುಂತೈತಿ" ಎಂದಳು.

"ನನ್ನ ಉಡಿ ತುಂಬಿದ ದಿನ ಹೇಳ್ತೀನಿ" ಎಂದೆ.

ಈಗ ಮತ್ತೆ ಆಷಾಢ ಬಂದಿದೆ. ಮೊನ್ನೆ ಅವಳೇ ಫೋನು ಮಾಡಿ, ಈ ಸಲವೂ ಖಣ ತರಿಸಬೇಕು ಎಂದಳು. ಎಷ್ಟು ಎಂದು ಕೇಳಿದೆ. "ಹ್ವಾದ ಸಲ ತಂದಷ್ಟು" ಎಂದವಳು, ಫೋನು ಇಡುವ ಮೊದಲು ಸಣ್ಣ ದನಿಯಲ್ಲಿ, "ಒಂದ್ ಹೆಚ್ಚಿಗಿ ಇರ್ಲಿ ಬಿಡ್ರಿ" ಎಂದಳು.