ಹಲಗೆ ಮ್ಯಾಲಿನ ಕತ್ತಲು

ಹಾನಗಲ್ ಪ್ಯಾಟ್ಯಾಗ ಭತ್ತದ ಚೀಲ ಹೊತ್ತು ಲಾರಿಯ ಹಲಗೆ ಏರಾಕತ್ತಿದ್ದೆ. ತಿಣುಕಿ ದಮ್ಮು ಹಿಡಿದಿದ್ದೇ ತಡ, ಬಲಗಣ್ಣಿಗೆ ಕತ್ತಲು ಕವಿದುಬಿಡ್ತು. ಅರ್ಧ ತಾಸಿಗೆ ಮತ್ತ ಬೆಳಕಾತು. ಮೂರನೇ ಸಲ ಹಂಗಾದಾಗ ಡಾಕ್ಟರ ಕಡೆ ಹೋದೆ.

"ಇನ್ನ ಭಾರ ಎತ್ತಬ್ಯಾಡ್ರಿ. ಎತ್ತಿದ್ರ ಒಂದಿನ ಆ ಬೆಳಕು ವಾಪಸ್ ಬರಾಂಗಿಲ್ಲ" ಅಂದ್ರು.

ಹಮಾಲನಿಗೆ ಹೇಳೋ ಮಾತ ಇದು?

ಜೋಡಿ ಹಮಾಲ ಖಾದರ್ ಚಾಚಾನ ಮುಂದ ಎಲ್ಲಾ ಹೇಳಿ ಅತ್ತೆ. ಅವರು ಆಕಡೆ ಈಕಡೆ ನೋಡಿ, "ಕೆಲಸ ಹಂಚೋ ಮುಕಾದಮನ ಮುಂದ ಬಾಯಿ ಬಿಡಬ್ಯಾಡ ತಮ್ಮಾ. ನನ್ನ ಎಡಗಣ್ಣು ಹಿಂಗ ಆಗಿ, ಪೂರಾ ಹೋಗಿ ನಾಕು ವರ್ಷಾತು" ಅಂದ್ರು.

ಏರೂ ಮುಂಚೆ ಅವರು ಕಾಲಿಲೆ ಹಲಗೆಯ ಅಂಚು ಸವರೋದು ಬರೇ ರೂಢಿ ಅಂದ್ಕೊಂಡಿದ್ದೆ. ಕತ್ತಲು ಯಾವಾಗ ಕವೀತದೋ ಅಂತ ಈಗ ನಾನೂ ಸವರತೇನಿ. ನಮ್ಮಿಬ್ಬರ ಕಣ್ಣು ಕೂಡಿಸಿದ್ರ ಒಬ್ಬ ಹಮಾಲ ಆಗ್ತಾನ. ಚೀಲ ಮಾತ್ರ ಇಬ್ಬರೂ ಹೊರಬೇಕು.